ಎರಡರಿಂದ ಮೂರಕ್ಕೆ

ಗಾಡಿ ರಿಪೇರಿಗೆ ಬರುವವರಲ್ಲಿ ನನಗೆ ಆಗದವರು ಎಂದರೆ ರೋಗದ ಹೆಸರು ತಾವೇ ಹೇಳುವವರು. ‘ಗೇರ್‌ಬಾಕ್ಸ್ ಹೋಗಿದೆ’ ಎನ್ನುತ್ತಲೇ ಒಳಗೆ ಬರುತ್ತಾರೆ. ಹೋಗಿದ್ದರೆ ಇಲ್ಲಿಯವರೆಗೆ ಗಾಡಿಯನ್ನು ಹೊತ್ತುಕೊಂಡು ಬಂದಿರಾ ಎಂದು ಕೇಳಿದರೆ ಮುಖ ಊದಿಸಿಕೊಳ್ಳುತ್ತಾರೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಹೆಂಡತಿ ಈ ಬಾಯಿಗೆ ಬೇಸತ್ತು ತನ್ನ ತಂಗಿಯ ಮನೆ ಸೇರಿ ಬಹಳ ವರ್ಷಗಳಾದವು. ವರ್ಕ್‌ಶಾಪಿನ ಮೇಲಿನ ಕೋಣೆಯಲ್ಲಿ ನಾನೊಬ್ಬನೇ. ಸಂಜೆ ಶಟರ್ ಎಳೆದರೆ ಮರುದಿನ ಅದನ್ನು ಎತ್ತುವವರೆಗೆ ನನ್ನ ದನಿ ನನಗೇ ಕೇಳಿಸುವುದಿಲ್ಲ.

ಬಟ್ಟೆ ಹೊಲಿಯುವ ಟೈಲರ್ ಒಬ್ಬನಿದ್ದ, ಆತ ಹಾಗೆ ರೋಗ ಹೇಳಿಕೊಂಡು ಬಂದವನಲ್ಲ. ಮೊದಲ ಸಲ ಬಂದಾಗ ಕೀ ನನ್ನ ಕೈಗಿಟ್ಟು, “ಎರಡರಿಂದ ಮೂರಕ್ಕೆ ಹೋಗುವಾಗ ಏನೋ ಯೋಚನೆ ಮಾಡುತ್ತೆ, ನೋಡಿ” ಎಂದ. ಇದಕ್ಕಿಂತ ಚೆನ್ನಾಗಿ ಯಾವ ಗಿರಾಕಿಯೂ ನನಗೆ ಹೇಳಿದ್ದಿಲ್ಲ.

ಹಳೆಯ ಗಾಡಿ, ಗೇರು ತಾನಾಗಿಯೇ ಬದಲಾಗುವ ಜಾತಿ. ಮೈಬಣ್ಣ ಮಾಸಿತ್ತು, ಸೀಟಿನ ಬಟ್ಟೆ ಮಾತ್ರ ನೋಡುವಂತಿತ್ತು, ಹೊಲಿಗೆ ಆತನದೇ. ಡ್ರೈವರ್ ಸೀಟನ್ನು ಎಷ್ಟು ಮುಂದಕ್ಕೆ ಎಳೆದಿತ್ತೆಂದರೆ ನಾನು ಕೂತಾಗ ಮೊಣಕಾಲು ಸ್ಟೀರಿಂಗಿಗೆ ತಗುಲಿತು. ಹಿಂದಕ್ಕೆ ತಳ್ಳಲು ಕೈಹಾಕಿದೆ.

“ಅದೊಂದು ಹಾಗೇ ಇರ್ಲಿ ಮೇಸ್ತ್ರಿ,” ಎಂದ ಟೈಲರ್. “ನಮ್ಮನೆಯವಳು ಗಿಡ್ಡ. ಎಡಗಾಲಲ್ಲಿ ಶಕ್ತಿ ಇರ್ಲಿಲ್ಲ, ಕ್ಲಚ್ ತುಳಿಯೋಕೆ ಆಗ್ತಿರ್ಲಿಲ್ಲ. ಅದಕ್ಕೇ ಈ ಗಾಡಿ ತಗೊಂಡ್ವಿ. ಇಷ್ಟು ವರ್ಷ ಓಡ್ಸಿದ್ದು ಅವಳೇ.”

ಆಕೆ ತೀರಿಕೊಂಡು ವರ್ಷ ತುಂಬಿತ್ತಂತೆ. ಬೇರೆಯವರಾಗಿದ್ದರೆ ಸೀಟು ತಳ್ಳಿಯೇ ತಳ್ಳುತ್ತಿದ್ದೆ. ಅವತ್ತು ಕಾಲು ಮಡಚಿಕೊಂಡು ಓಡಿಸಿದೆ.

ಇಂಥ ಗೇರ್‌ಬಾಕ್ಸ್ ತಣ್ಣಗಿರುವಾಗ ಏನು ಕೇಳಿದರೂ ಸುಳ್ಳು ಹೇಳುತ್ತದೆ. ಒಳಗಿನ ಎಣ್ಣೆ ಚೆನ್ನಾಗಿ ಬಿಸಿಯಾಗಬೇಕು. ನೀರಿನ ಟ್ಯಾಂಕ್ ದಾಟಿ, ಸೇತುವೆಯ ಮೇಲೆ ಹಾದು, ಗೋದಾಮುಗಳ ಹಿಂದಿನ ಏರಿನವರೆಗೆ ಹೋದೆವು. ಏರಿನಲ್ಲಿ ಕಾಯಿಲೆ ಹೊರಬಿತ್ತು. ಎರಡನೇ ಗೇರು ಬಿಟ್ಟಿತು, ಮೂರನೆಯದು ಹಿಡಿಯಲಿಲ್ಲ. ಇಂಜಿನ್ ಸುಮ್ಮನೆ ಕೂಗಿಕೊಂಡಿತು, ಆಮೇಲೆ ದಡಕ್ಕೆಂದು ಎಳೆಯಿತು.

ವಾಪಸು ಬಂದು, ಇಂಜಿನ್ ಓಡುತ್ತಿರುವಾಗಲೇ ಗೇರ್‌ಬಾಕ್ಸಿನ ಎಣ್ಣೆ ನೋಡುವ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿದೆ. ಕೆಂಪಗಿತ್ತು, ಸುಟ್ಟ ವಾಸನೆ ಇರಲಿಲ್ಲ. “ರಕ್ತ ಚೆನ್ನಾಗಿದೆ,” ಎಂದೆ. ಆಮೇಲೆ ಆಕ್ಸಿಲರೇಟರ್ ಕಡೆಯಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ಲನ್ನು ಬೆರಳಲ್ಲಿ ಎತ್ತಿದೆ. ಜೋಲುಬಿದ್ದಿತ್ತು. ಅದನ್ನು ಹಿಡಿದಿಡುವ ನಟ್ ತನ್ನಷ್ಟಕ್ಕೆ ತಾನೇ ಸಡಿಲವಾಗಿತ್ತು. ಕೇಳುವವರು ಸಿಕ್ಕಿದರೆ ನನಗೂ ಪಾಠ ಹೇಳುವ ಹುರುಪು ಬರುತ್ತದೆ.

“ಕಾಲು ಎಷ್ಟು ಒತ್ತಿದೆ ಅನ್ನೋ ಸುದ್ದಿನ ಈ ತಂತಿ ಗೇರಿಗೆ ಮುಟ್ಟಿಸ್ಬೇಕು. ಇದು ಸಡಿಲ ಆದ್ರೆ ಅರ್ಧ ಸುದ್ದಿನೇ ಮುಟ್ಟುತ್ತೆ. ಗೇರು ಗಟ್ಟಿಯಾಗಿ ಹಿಡಿಯೋ ಬದ್ಲು ಜಾರುತ್ತೆ. ಈ ಒಂದು ನಟ್, ಅಷ್ಟೇ.”

“ಈ ಒಂದು ನಟ್ಟಾ?” ಎಂದು ಆತ ಬಗ್ಗಿ ನೋಡಿದ.

ಬಿಗಿ ಮಾಡಿ ಕಳಿಸಿದೆ. ಮುಂದಿನ ವಾರ ಅದೇ ದೂರು ಹೊತ್ತುಕೊಂಡು ಬಂದ. ನನ್ನ ಕೈಕೆಲಸ ನನ್ನ ಮುಂದೆಯೇ ವಾಪಸು ಬಂದು ನಿಂತರೆ ನನಗೆ ಮೈ ಉರಿಯುತ್ತದೆ. ಮತ್ತೆ ಟ್ಯಾಂಕು, ಸೇತುವೆ, ಏರು. ಮತ್ತೆ ಅದೇ ಕೂಗು. ನಟ್ ಪುನಃ ಸಡಿಲ. ಅದನ್ನು ಬದಲಿಸಿದೆ. ಅದರ ಮುಂದಿನ ವಾರ ಕೇಬಲ್ಲನ್ನೇ ಬದಲಿಸಿದೆ. ಆದರೂ ಬಂದ. ತಲೆಗೆ ಹುಳ ಬಿಟ್ಟ ಹಾಗಾಯಿತು.

ಆದರೆ ಆ ಓಡಾಟ, ಯಾಕೆ ಮುಚ್ಚಿಡಲಿ, ನನಗೆ ಹಿಡಿಸತೊಡಗಿತು. ಪಕ್ಕದ ಸೀಟಿನಲ್ಲಿ ಕೂತರೆ ಟೈಲರ್ ಬೇರೆಯೇ ಮನುಷ್ಯ. ಕಿಟಕಿ ಇಳಿಸಿ ಬೀದಿಯವರನ್ನೆಲ್ಲ ಅಳೆಯುತ್ತಿದ್ದ. “ಅಗೋ, ಆ ಬ್ಯಾಂಕಿನವನು. ಬಲ ಭುಜ ಇಳಿದಿದೆ. ನನ್ನ ಕೋಟು ಹಾಕ್ಕೊಂಡ್ರೆ ಮಾತ್ರ ನೆಟ್ಟಗೆ ಕಾಣ್ತಾನೆ. ಮನೇಲಿ ಹೆಂಡ್ತಿ ಎದುರಿಗೆ ಪುನಃ ಸೊಟ್ಟ.” ತಿರುವು ಬಂದರೆ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿ, “ನಿಧಾನ, ನಿಧಾನ” ಎನ್ನುವನು. “ಅವಳಿಗೂ ಹಿಂಗೇ ಹೇಳ್ತಿದ್ದೆ. ಚೆನ್ನಾಗಿ ಬೈಸ್ಕೋತಿದ್ದೆ” ಎಂದು ತಾನೇ ನಗುವನು. ನಾನೂ ಬೈಯುತ್ತಿದ್ದೆ. ಆತ ಬರುವ ದಿನ ಬೆಳಿಗ್ಗೆಯೇ ಉಗುರಿನ ಸಂದಿಯ ಗ್ರೀಸು ತಿಕ್ಕಿ ತೊಳೆದುಕೊಳ್ಳುವ ಅಭ್ಯಾಸವೂ ಆಯಿತು.

ಹೀಗಿರುವಾಗ ಒಂದು ದಿನ ಎಣ್ಣೆಯ ಕಡ್ಡಿ ಎಳೆದರೆ ಕಂದುಬಣ್ಣ. ಮೂಗಿನ ಹತ್ತಿರ ಹಿಡಿದೆ, ಸುಟ್ಟ ವಾಸನೆ. ಜಾರಿ ಜಾರಿ ಒಳಗೆ ಗೇರು ಹಿಡಿಯುವ ಪ್ಲೇಟುಗಳು ಉರಿಯತೊಡಗಿದ್ದವು. ಟಾರ್ಚು ಹಾಕಿ ನಟ್ಟಿನ ಮೇಲೆ ಬಗ್ಗಿದೆ. ನಟ್ಟಿನ ಮೇಲಿಂದ ಪಕ್ಕದ ತಗಡಿನ ಮೇಲಕ್ಕೆ ಸಣ್ಣದೊಂದು ನೀಲಿ ಗೆರೆ ಎಳೆದಿತ್ತು. ನಟ್ ತಿರುಗಿದ್ದರಿಂದ ಗೆರೆ ಎರಡು ತುಂಡಾಗಿ ದೂರ ಸರಿದಿತ್ತು. ಬೆರಳಿಗೆ ಪುಡಿ ಅಂಟಿತು. ಸೀಮೆಸುಣ್ಣ, ಬಟ್ಟೆಯ ಮೇಲೆ ಗುರುತು ಹಾಕುವಂಥದ್ದು.

ಮೆಕ್ಯಾನಿಕ್ಕುಗಳು ಯಾರೂ ಅಂಥ ಸೀಮೆಸುಣ್ಣ ಹಿಡಿಯುವುದಿಲ್ಲ. ಗುರುತು ಹಾಕದೆ ಏನನ್ನೂ ಬಿಚ್ಚಲಾಗದ ಕೈ ಒಂದೇ ಒಂದು, ಅದು ನನ್ನ ಬೆನ್ನ ಹಿಂದೆಯೇ ನಿಂತಿತ್ತು.

“ನೀವೇ ಸಡಿಲ ಮಾಡ್ತಿದೀರಾ!”

ಆತನ ಕೈ ಅಂಗಿಯ ಜೇಬಿಗೆ ಹೋಯಿತು. ಮುಖ ಸಪ್ಪಗಾಯಿತು. “ಮತ್ತೆ ಸರಿ ಮಾಡೋಕೆ ಗೊತ್ತಾಗ್ಲಿ ಅಂತ ಗುರುತು ಹಾಕಿದ್ದೆ,” ಎಂದ, ಅದೇ ದೊಡ್ಡ ಜವಾಬ್ದಾರಿ ಎಂಬಂತೆ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ: “ಓಡ್ಸೋಕೆ ನನಗೂ ಬರುತ್ತೆ ಮೇಸ್ತ್ರಿ. ಆದ್ರೆ ಅವಳ ಸೀಟಲ್ಲಿ ಕೂತ್ರೆ ಪಕ್ಕದ್ದು ಖಾಲಿ ಕಾಣುತ್ತೆ. ಅದು ನನ್ನ ಸೀಟು. ಅವಳ ಜೊತೆ ನಾನೂ ಹೋಗ್ಬಿಟ್ಟೆ ಅನ್ಸುತ್ತೆ. ನೀವು ಓಡ್ಸಿದ್ರೆ ನಾನು ಇರ್ತೀನಿ.”

ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ವಾರಗಟ್ಟಲೆ ತಲೆ ಕೆಡಿಸಿಕೊಂಡ ಸಿಟ್ಟು ಬಿಡಲಿಲ್ಲ. “ಹೆಂಡ್ತಿ ಗಾಡಿನ ಕೈಯಾರೆ ಕೊಲ್ತಾ ಇದೀರಿ,” ಎಂದುಬಿಟ್ಟೆ.

ನಾನು ಎಣ್ಣೆ ಬದಲಿಸಿ ನಟ್ ಬಿಗಿ ಮಾಡುವವರೆಗೆ ಆತ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಕೀ ತಗೊಂಡ, ಆ ಮುಂದಕ್ಕೆಳೆದ ಸೀಟಿನಲ್ಲಿ ಮುದುಡಿ ಕೂತ, ಹೋದ.

ಮತ್ತೆ ಬರಲಿಲ್ಲ. ಆತನ ದಿನ ಬಂದಾಗ ಕೈ ತೊಳೆದು ಕಾದೆ. ಬೀದಿಯಲ್ಲಿ ಯಾವ ಇಂಜಿನ್ ಹಾದರೂ ಕೆಲಸ ನಿಲ್ಲಿಸಿ ಕಿವಿಗೊಟ್ಟೆ. ಇನ್ನೊಂದು ವಾರವೂ ಹಾಗೇ ಹೋಯಿತು. ಹೆಂಡತಿ ಹೋದಾಗ ‘ಹೋಗ್ಲಿ’ ಎಂದು ಬೀಗಿದವನು ನಾನು. ಈಗ ಯಾವನೋ ಟೈಲರ್ ಬರಲಿಲ್ಲವೆಂದು ತಟ್ಟೆಯಲ್ಲಿದ್ದ ಊಟ ಸೇರುತ್ತಿರಲಿಲ್ಲ. ನನಗೆ ಆತ ಬೇಕಾಗಿದ್ದ, ಸುತ್ತಿಬಳಸಿ ಹೇಳುವುದೇನಿದೆ. ಆದರೆ ಹೋಗಿ ಏನೆಂದು ಹೇಳುವುದು? ತಪ್ಪಾಯಿತು ಎನ್ನುವ ಮಾತು ಈ ಬಾಯಿಂದ ಯಾವತ್ತೂ ಬಂದಿಲ್ಲ. ಬ್ಲೇಡು ತೆಗೆದುಕೊಂಡು ನನ್ನ ಕೆಲಸದ ಕೋಟಿನ ಕಂಕುಳ ಹೊಲಿಗೆಯನ್ನು ಗೇಣುದ್ದ ಕೊಯ್ದೆ.

ಆತನ ಅಂಗಡಿ ಒಂದು ಹೊಲಿಗೆ ಯಂತ್ರ, ಒಂದು ಮೇಜು ಹಿಡಿಸುವಷ್ಟು ಅಗಲ. ಗಾಡಿ ಹೊರಗೆ ನಿಂತಿತ್ತು, ಗಾಜಿನ ಮೇಲೆ ಧೂಳು. ಕೋಟು ಮೇಜಿನ ಮೇಲಿಟ್ಟು, “ಕೆಲಸ ಮಾಡುವಾಗ ಹರೀತು,” ಎಂದೆ.

ಟೈಲರ್ ಕನ್ನಡಕ ಏರಿಸಿ ಹೊಲಿಗೆಯನ್ನು ಬೆಳಕಿಗೆ ಹಿಡಿದ. ಒಂದೊಂದೇ ನೂಲಿನ ತುದಿ ನೋಡಿದ. ತುಂಬಾ ಹೊತ್ತು ನೋಡಿದ.

“ಹರಿದ್ರೆ ನೂಲು ಎಳೆದುಕೊಂಡು ಬಂದಿರುತ್ತೆ ಮೇಸ್ತ್ರಿ,” ಎಂದ ಕೊನೆಗೆ. “ಇದು ಬ್ಲೇಡು.”

ನನ್ನ ಮುಖಕ್ಕೆ ಬಿಸಿ ಏರಿತು. ಆತ ಜೇಬಿನಿಂದ ನೀಲಿ ಸೀಮೆಸುಣ್ಣ ತೆಗೆದು ಹೊಲಿಗೆಯ ಎರಡೂ ತುದಿಗೆ ಗುರುತು ಹಾಕಿದ. ಆಮೇಲೆ ಕೋಟನ್ನು ಹಾಗೇ ಬಿಟ್ಟು, ಮೊಳೆಗೆ ನೇತುಹಾಕಿದ್ದ ಕೀ ತೆಗೆದು ನನ್ನ ಕಡೆ ಚಾಚಿದ.

ಕಾಲು ಮಡಚಿಕೊಂಡು ಕೂತೆ. ಆತ ಪಕ್ಕದ ಸೀಟಿನಲ್ಲಿ ಕೂತು ಕಿಟಕಿ ಇಳಿಸಿದ. ಟ್ಯಾಂಕು ದಾಟಿದೆವು, ಸೇತುವೆ ದಾಟಿದೆವು. ಏರಿನಲ್ಲಿ ಎರಡರಿಂದ ಮೂರಕ್ಕೆ ಗೇರು ಬಿದ್ದದ್ದು ಗೊತ್ತೇ ಆಗಲಿಲ್ಲ, ಅಷ್ಟು ನಯವಾಗಿ ಬಿತ್ತು.

“ಏನೋ ಶಬ್ದ ಬಂದ ಹಾಗಾಯ್ತಲ್ವಾ?” ಎಂದೆ.

ಟೈಲರ್ ಬೀದಿಯನ್ನೇ ನೋಡುತ್ತಿದ್ದ. “ಬಂತು,” ಎಂದ. “ಇನ್ನೂ ಸ್ವಲ್ಪ ದೂರ ಹೋಗಿ ನೋಡ್ಬೇಕು.”