ಹಿಡಿಕೆ ಇರುವ ಪೆಟ್ಟಿಗೆ

"ಇದನ್ನ ಎಲ್ಲಿಗಾದ್ರೂ ಹೊತ್ಕೊಂಡು ಹೋಗೋದಿದ್ಯಾ ಅಣ್ಣಾ?" ರಿಪೇರಿ ಅಂಗಡಿಯ ಹೆಂಗಸು ಕಂಪ್ಯೂಟರಿನ ಮುಚ್ಚಳ ಬಿಚ್ಚಿ, ಒಳಗಿನ ಧೂಳಿಗೆ ಗಾಳಿ ಹೊಡೆಯುತ್ತ ಕೇಳಿದಳು. "ಇಲ್ಲಾಂದ್ರೆ ಈ ಗೂಡಿನ ಸಹವಾಸವೇ ಬೇಡ."

ಬಿಚ್ಚಿಟ್ಟಿದ್ದ ಮುಚ್ಚಳವನ್ನು ಗಾಜಪ್ಪ ಅಂಗಿಯ ತುದಿಯಿಂದ ಒರೆಸತೊಡಗಿದ. ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಕೂತು ಗಾಜು ಉಜ್ಜುವುದು ಅವನ ಕೆಲಸ. ಗೆಳೆಯರು ಇಟ್ಟ ಈ ಹೆಸರು ಅವನ ಅಸಲಿ ಹೆಸರನ್ನು ಎಂದೋ ನುಂಗಿ ನೀರು ಕುಡಿದಿತ್ತು. ನಾಲ್ವರು ಗೆಳೆಯರೂ ಒಂದೇ ಥರದ ಪುಟ್ಟ ಗೇಮಿಂಗ್ ಕಂಪ್ಯೂಟರ್ ಕೊಂಡಿದ್ದರು. ಶೂ ಡಬ್ಬಿಗಿಂತ ತುಸು ದೊಡ್ಡದು, ಮೇಲೊಂದು ಹಿಡಿಕೆ. ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಗೆ ಅದನ್ನು ಹೊತ್ತು ಹೋಗುವುದು, ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಒಂದಕ್ಕೊಂದು ತಂತಿ ಸಿಕ್ಕಿಸಿ ಕತ್ತಲಾಗುವವರೆಗೆ ಆಡುವುದು. ಅವರವರ ಮನೆಯಲ್ಲೇ ಕೂತು ಇಂಟರ್ನೆಟ್‌ನಲ್ಲಿ ಆಡಬಹುದಲ್ಲ ಎಂದವರಿಗೆ, "ಸೋತವನ ಮುಖ ನೋಡೋದು ಬೇಡ್ವಾ?" ಎಂದು ನಗುತ್ತಿದ್ದರು. ಆಮೇಲೆ ಒಬ್ಬನಿಗೆ ವರ್ಗವಾಯಿತು, ಒಬ್ಬನಿಗೆ ಸೊಂಟ ಹಿಡಿಯಿತು, ಒಬ್ಬನಿಗೆ ಬೇಕರಿಯಲ್ಲಿ ನಸುಕಿನ ಪಾಳಿ ಬಿತ್ತು. ಜಗಳವೇನೂ ಆಗಲಿಲ್ಲ. ಆಗಿದ್ದರೆ ರಾಜಿಯಾದರೂ ಮಾಡಿಕೊಳ್ಳಬಹುದಿತ್ತು.

ಈಗ ಪೆಟ್ಟಿಗೆಗೂ ವಯಸ್ಸಾಗಿದೆ. ಹೊಸ ಆಟಗಳು ತೆರೆಯುವುದೇ ಇಲ್ಲ; ಹಳೆಯವನ್ನು ಹಾಕಿದರೆ ಕೆಲವೊಮ್ಮೆ ನಡುವೆಯೇ ಕಾದು ಆರಿಹೋಗುತ್ತದೆ. ಹೆಂಗಸು ಮುಚ್ಚುಮರೆಯಿಲ್ಲದೆ ಹೇಳಿದಳು. ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಇದರೊಳಗೆ ಗಿಡ್ಡದ್ದು ಮಾತ್ರ ಹಿಡಿಸುತ್ತದೆ, ಅದು ಸಿಗುವುದೂ ಕಷ್ಟ. ದೊಡ್ಡ ಪೆಟ್ಟಿಗೆಯ ಹೊಸದಾದರೆ ತಣ್ಣಗೆ ಓಡುತ್ತದೆ, ಮುಂದೆ ಏನಾದರೂ ಸೇರಿಸಲೂ ಜಾಗವಿರುತ್ತದೆ. ಆದರೆ ಇಟ್ಟ ಕಡೆಯಿಂದ ಕದಲಿಸುವ ಮಾತಿಲ್ಲ.

"ಹೊತ್ಕೊಂಡು ಹೋಗ್ತಿರ್ತೀನಿ," ಎಂದ ಗಾಜಪ್ಪ. "ಗೆಳೆಯರ ಮನೆಗೆ."

"ಹಾಗಾದ್ರೆ ಇದನ್ನೇ ಸರಿ ಮಾಡೋಣ. ಸಂಜೆ ಒಳಗೆ ಫೋನ್ ಮಾಡಿ ಖಾತ್ರಿ ಹೇಳಿ, ಕಾರ್ಡ್ ತರಿಸ್ತೀನಿ. ಅಲ್ಲೀವರೆಗೂ ಇದನ್ನ ತಗೊಂಡು ಹೋಗಿ."

ಬೀದಿಗಿಳಿದ ಮೇಲೆ ಅವನ ಕಿವಿ ಬಿಸಿಯಾಯಿತು. ನನ್ನನ್ನು ಯಾರೂ ಕರೆಯುವುದಿಲ್ಲ ಎಂದು ಗುರುತಿಲ್ಲದವರ ಮುಂದೆ ಹೇಳಲು ನಾಚಿಕೆಯಾಗಿ ಸುಳ್ಳು ಹೇಳಿಬಿಟ್ಟಿದ್ದ. ಆದರೆ ಸುಳ್ಳನ್ನು ನಿಜ ಮಾಡಲು ಸಂಜೆಯವರೆಗೆ ಸಮಯವಿತ್ತಲ್ಲ! ಮನೆಯ ದಾರಿ ಬಿಟ್ಟು ಬೇಕರಿ ಗೆಳೆಯನ ಮನೆಯ ಕಡೆಗಿನ ಬಸ್ಸು ಹತ್ತಿದ. ಮಡಿಲಲ್ಲಿದ್ದ ಪೆಟ್ಟಿಗೆಯ ತೂತುಗಳೊಳಗೆ ಪಕ್ಕದ ಅಜ್ಜಿ ಇಣುಕಿ ನೋಡಿದಳು.

"ಒಳಗೆ ಬೆಕ್ಕಾ?"

"ಅಲ್ಲಜ್ಜಿ, ಕಂಪ್ಯೂಟರ್. ಹುಷಾರಿಲ್ಲ."

"ಪಾಪ," ಎಂದಳು ಅಜ್ಜಿ.

ಬೇಕರಿ ಗೆಳೆಯನನ್ನು ಎಲ್ಲರೂ ಉಸ್ತಾದ ಎನ್ನುತ್ತಿದ್ದರು, ನಾಲ್ವರಲ್ಲಿ ಅವನೇ ಗಟ್ಟಿ ಆಟಗಾರ. ಬಾಗಿಲು ತೆರೆದವನೇ ಬಾಚಿ ತಬ್ಬಿಕೊಂಡ. "ಲೋ ಗಾಜಪ್ಪಾ! ಸತ್ತಿದ್ಯೋ ಬದುಕಿದ್ಯೋ! ಇದನ್ನಿನ್ನೂ ಇಟ್ಕೊಂಡಿದ್ಯಾ? ನಂದು ಯಾವಾಗ್ಲೋ ಗುಜರಿಗೆ ಹೋಯ್ತು."

ಗಾಜಪ್ಪ ಪೆಟ್ಟಿಗೆಯನ್ನು ಮತ್ತೆ ಬಗಲಿಗೆ ಒತ್ತಿಕೊಂಡ. ಆದರೆ ಉಸ್ತಾದ ಆಗಲೇ ಕಪಾಟಿನ ಮೂಲೆಯಿಂದ ಎರಡು ಹಳೆಯ ಕಂಟ್ರೋಲರ್ ಎಳೆದು ತೆಗೆಯುತ್ತಿದ್ದ. ಪೆಟ್ಟಿಗೆಯನ್ನು ಟಿವಿಗೆ ಸಿಕ್ಕಿಸಿ, ಇಬ್ಬರು ಜೊತೆಯಾಗಿ ಆಡುವ ಆಟ ಹಾಕಿದರು. ಹಿಮದ ನಡುವಿನ ಕೋಟೆ ಕಾಯುವ ಇಬ್ಬರು ಸಿಪಾಯಿಗಳದ್ದು. ಯಾವ ಗುಂಡಿ ಯಾವುದಕ್ಕೆಂದು ಮರೆತ ಉಸ್ತಾದ ಸ್ವಂತ ಕೋಟೆಯ ಬಾಗಿಲನ್ನೇ ಉಡಾಯಿಸಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ಸುಖವಾಗಿ ನಕ್ಕು ಎಷ್ಟು ಕಾಲವಾಗಿತ್ತೋ. ಗಿಡ್ಡ ಕಾರ್ಡೇ ಸರಿ, ಎಷ್ಟು ಕಷ್ಟವಾದರೂ ತರಿಸುವುದೇ ಸರಿ ಎಂದು ಗಾಜಪ್ಪ ಮನಸ್ಸಿನಲ್ಲೇ ತೀರ್ಮಾನಿಸಿದ.

"ಮುಂದಿನ ತಿಂಗಳೂ ತರ್ತೀನಿ ಕಣೋ."

ತಿರುಗಿ ನೋಡಿದರೆ ಉಸ್ತಾದ ಸೋಫಾಕ್ಕೆ ಒರಗಿ, ಬಾಯಿ ತೆರೆದು ನಿದ್ದೆ ಹೋಗಿದ್ದ.

ಅವನ ಹೆಂಡತಿ ಒಳಗಿನಿಂದ ಬಂದವಳು ಅಲ್ಲೇ ನಿಂತಳು. "ಅಯ್ಯೋ, ಎಬ್ಬಿಸ್ಲಾ?"

"ಬೇಡ ಅತ್ತಿಗೆ."

"ಏನೂ ಅಂದ್ಕೋಬೇಡಿ. ಕತ್ತಲಿರುವಾಗ್ಲೇ ಎದ್ದು ಹೋಗಿರ್ತಾರೆ. ನನ್ನ ಜೊತೆ ಮಾತಾಡ್ತಾ ಮಾತಾಡ್ತಾನೂ ಹೀಗೇ." ಅವಳು ಗಂಡನಿಗೊಂದು ಹೊದಿಕೆ ಹೊದಿಸಿ ಒಳಗೆ ಹೋದಳು.

ಸಿಟ್ಟು ಮಾಡಿಕೊಳ್ಳೋಣವೆಂದರೆ ಗಾಜಪ್ಪನಿಗೆ ಯಾರೂ ಸಿಗಲಿಲ್ಲ. ಉಸ್ತಾದನ ಬೆರಳುಗಳ ಮೇಲೆ ಒಲೆಯ ಸುಟ್ಟ ಗಾಯಗಳಿದ್ದವು, ಕೆಲವು ಹಳೆಯವು, ಕೆಲವು ಇನ್ನೂ ಕೆಂಪಗಿದ್ದವು. ಅವುಗಳನ್ನು ನೋಡಿದ ಗಾಜಪ್ಪ ಫೋನ್ ತೆಗೆದು, ರಿಪೇರಿ ಅಂಗಡಿಗೆ ಕರೆ ಮಾಡಿ ದನಿ ತಗ್ಗಿಸಿದ.

"ಮೇಡಂ, ದೊಡ್ಡದೇ ಮಾಡಿ."

"ಗೆಳೆಯರ ಮನೆಗೆ ಒಯ್ಬೇಕು ಅಂದ್ರಲ್ಲ?"

"ಇಲ್ಲ. ಮನೇಲೇ ಇರುತ್ತೆ."

ಟಿವಿಯಲ್ಲಿ ಹಿಮ ಬೀಳುತ್ತಿತ್ತು. ಉಸ್ತಾದ ಉಡಾಯಿಸಿದ್ದ ಬಾಗಿಲಿನಿಂದ ಶತ್ರುಗಳು ಒಳನುಗ್ಗುತ್ತಿದ್ದರು. ಉಸ್ತಾದನ ಸಿಪಾಯಿ ಬಯಲಲ್ಲಿ ಸುಮ್ಮನೆ ನಿಂತಿದ್ದ. ಗಾಜಪ್ಪ ಗೆಳೆಯನ ಸಡಿಲ ಬೆರಳುಗಳಿಂದ ಕಂಟ್ರೋಲರನ್ನು ಮೆಲ್ಲಗೆ ಬಿಡಿಸಿಕೊಂಡು, ಅವನ ಸಿಪಾಯಿಯನ್ನು ನಡೆಸಿಕೊಂಡು ಹೋಗಿ ಗೋಡೆಯ ಮರೆಯಲ್ಲಿ ನಿಲ್ಲಿಸಿದ.