ಮರದ ಟ್ಯಾಂಕುಗಳ ಜಾಡು

ಅಕ್ಕಿಕಾಳಿನಷ್ಟಿದೆ ಒಂದೊಂದೂ, ಕಾಳಿಗೊಂದು ಬಾಲ, ಬಾಲ ಅಲ್ಲ ನೆರಳು, ಭೂತಗನ್ನಡಿಯನ್ನು ಒಂಚೂರು ಎತ್ತಿದರೆ ಕಾಳು ಉಬ್ಬುತ್ತದೆ, ಇಳಿಸಿದರೆ ಕುಗ್ಗುತ್ತದೆ, ಮುದುಕ ಎತ್ತಿದ, ಇಳಿಸಿದ, ಮತ್ತೆ ಎತ್ತಿದ — ಓಹೋ, ಹೀಗೋ, ಮೇಲಿನಿಂದ ಹೀಗೆ ಕಾಣಿಸುತ್ತಿದ್ದೆವೋ ನಾವು. ನಲವತ್ತೆಂಟು ವರ್ಷ ತಲೆಯೊಳಗೆ ಹುಳದ ಹಾಗೆ ಕೊರೆದದ್ದು ಇದೊಂದೇ ಪ್ರಶ್ನೆ, ಮಹಾಯುದ್ಧ ಯಾರು ಗೆದ್ದರು ಯಾರು ಸೋತರು ಅನ್ನುವುದನ್ನೆಲ್ಲ ರೇಡಿಯೋದವನು ಹೇಳಿದ್ದ, ಇದನ್ನು ಮಾತ್ರ ಯಾರೂ ಹೇಳಿರಲಿಲ್ಲ, ಈಗ ಕಾಲೇಜಿನ ಮೇಡಂ ಒಬ್ಬಳು ಹುಡುಕಿಕೊಂಡು ಬಂದು ಊಟದ ಮೇಜಿನ ಮೇಲಿದ್ದ ಲೋಟ ತಟ್ಟೆ ಸರಿಸಿ ಫೋಟೋ ಹರಡಿದ್ದಾಳೆ, ತಾತ, ಇದು ಶತ್ರುಗಳ ವಿಮಾನ ತೆಗೆದದ್ದು, ಅವರ ದಫ್ತರದಲ್ಲಿ ಬಿದ್ದಿತ್ತು, ಆ ಯುದ್ಧದ ಬಗ್ಗೆ ಪುಸ್ತಕ ಬರೀತಾ ಇದೀನಿ, ಇಲ್ಲಿ ನಲವತ್ತು ಟ್ಯಾಂಕ್ ಇವೆ ಅಂತ ಅವರು ಹಿಂದುಗಡೆ ಬರ್ಕೊಂಡಿದಾರೆ, ನಿಜಾನಾ. ನಲವತ್ತಂತೆ! ಹೊಟ್ಟೆಯ ಆಳದಿಂದ ನಗು ಒದ್ದುಕೊಂಡು ಬಂತು, ಅಡುಗೆಮನೆಯಿಂದ ಹೆಂಡತಿ, ಅದೇನ್ರೀ ಅಷ್ಟೊಂದು ನಗು, ಹಲ್ಲಿನ ಸೆಟ್ಟು ಬಿದ್ದೀತು ಜೋಕೆ — ಮೂವತ್ತೆಂಟು ಮೇಡಂ, ಮಿಕ್ಕ ಎರಡು ಬರೀ ಡ್ರಮ್ಮು, ಮೇಲೆ ತಾಡಪಾಲು ಹೊದಿಸಿದ್ವಿ, ಆ ಮೂವತ್ತೆಂಟೂ ಮರದವು, ನಾನು ಮೊಳೆ ಹೊಡೆದವು. ಅವಳ ಪೆನ್ನು ನಿಂತಿತು, ಆಮೇಲೆ ಓಡಿತು, ಓಡಲಿ, ಹೇಳುವುದಕ್ಕೆ ಎಷ್ಟಿದೆ, ಪಟ್ಟಿ ಹೊಡೆದು ಚೌಕಟ್ಟು, ಚೌಕಟ್ಟಿಗೆ ಗೋಣಿತಟ್ಟು, ತಟ್ಟಿಗೆ ಕೆಸರು ಮತ್ತು ಸರೇಸಿನ ಬಣ್ಣ, ಫಿರಂಗಿಯ ನಳಿಗೆಗೆ ಗುಡಾರದ ಕಂಬ, ನಾಲ್ಕು ಜನ ಹೆಗಲು ಕೊಟ್ಟರೆ ಒಂದು ಟ್ಯಾಂಕು ಎದ್ದು ನಡೆಯುತ್ತಿತ್ತು, ಒಮ್ಮೆ ಹಾಗೇ ಹೊತ್ತುಕೊಂಡು ಹೋಗುವಾಗ ಕುರಿ ಕಾಯುವವನೊಬ್ಬ ಎದುರು ಬಂದ, ನಾಲ್ಕೇ ಜನ ಟ್ಯಾಂಕು ಹೊತ್ತದ್ದನ್ನು ಕಂಡು ಇದ್ದಲ್ಲೇ ಕುಕ್ಕರಿಸಿದ, ಕುರಿಗಳೆಲ್ಲ ಮುಂದೆ ಹೋದರೂ ಅವನು ಏಳಲಿಲ್ಲ.

ಮರುಭೂಮಿಯ ದಕ್ಷಿಣದ ಕಡೆಯಿಂದ ನುಗ್ಗುತ್ತೀವಿ ಅಂತ ಅವರು ನಂಬಬೇಕು, ನಿಜವಾದ ಟ್ಯಾಂಕುಗಳು ಉತ್ತರದಲ್ಲಿ ಲಾರಿಯ ವೇಷ ಹಾಕಿ ಕೂತಿದ್ದವು, ಒಟ್ಟು ಯುದ್ಧ ಅಂದರೆ ಬಯಲಾಟವೇ ಅಂತ ಆಗ ಅನಿಸಿತ್ತು, ವೇಷ ಕಟ್ಟುವವನಿಗೆ ಪ್ರೇಕ್ಷಕನ ಮುಖ ಮಾತ್ರ ಕಾಣದು, ದಿನಾ ಬೆಳಿಗ್ಗೆ ನೊಣದಷ್ಟು ಕಾಣುವ ಎತ್ತರದಲ್ಲಿ ಬಂದು ಒಂದು ಸುತ್ತು ಹೊಡೆದು ಹೋಗುತ್ತಿದ್ದ ಆ ವಿಮಾನ, ಕತ್ತೆತ್ತಿ ನೋಡುತ್ತಿದ್ದ ಇಪ್ಪತ್ಮೂರರ ಬಡಗಿ, ಚೆನ್ನಾಗಿದೆಯೇನಪ್ಪಾ, ಹೇಳಿಬಿಡು. ಚೆನ್ನಾಗಿದೆ. ನೆರಳು ನೋಡು, ಸಪೂರವಾಗಿ ಪಶ್ಚಿಮಕ್ಕೆ ಚಾಚಿದೆ, ಟ್ಯಾಂಕಿನ ಎತ್ತರದ ಮೂರರಷ್ಟು, ಅಂದರೆ ಹೊತ್ತು ಹುಟ್ಟಿ ಬಹಳ ಹೊತ್ತಾಗಿಲ್ಲ, ಅಂಚಿನಲ್ಲಿ ಅಂಕಿಯೂ ಇದೆ, ಅಂಕಿ ಅವನಿಗೆ ಬರುತ್ತದೆ, ಅಕ್ಷರ ಕೈಕೊಟ್ಟರೂ ಅಂಕಿ ಕೈಕೊಟ್ಟಿಲ್ಲ, ಆರೂ ನಲವತ್ತು. ಇದು ಅಡುಗೆಯವರ ಗುಡಾರ, ಹೊಗೆ ಕಾಣ್ತಿದೆ ನೋಡಿ ಮೇಡಂ, ಇದು ಸಾಹೇಬರ ಕಕ್ಕಸು, ಇದನ್ನು ಮದ್ದಿನ ಉಗ್ರಾಣ ಅಂತ ಬರೆದಿದಾರಾ, ಸರಿ ಬಿಡಿ, ಅದೂ ಸುಳ್ಳೇನಲ್ಲ. ಅವಳು ನಕ್ಕಳು, ಅವನಿಗೆ ಇನ್ನೂ ಹುರುಪು ಏರಿತು, ಗಾಜನ್ನು ಜರುಗಿಸುತ್ತ ಹೋದ, ಏಳನೆಯ ಟ್ಯಾಂಕು ಯಾವುದು, ಅದರ ನಳಿಗೆ ಬಗ್ಗಿತ್ತಲ್ಲ, ಇಬ್ಬನಿಗೆ ಮರ ನೆನೆದು ಮೂತಿ ಇಳಿಬಿಟ್ಟಿತ್ತಲ್ಲ — ನೆಟ್ಟಗಿದೆ. ನೆಟ್ಟಗೇ ಇದೆ ನೆರಳು. ಎಂಥ ಸುಖ, ಮುದಿಕಣ್ಣಿಗೆ ನೀರು ಬರುವಂಥ ಸುಖ.

ತಾತ, ಈ ಜೋಡಿ ಗೀರುಗಳು ಏನು, ಪ್ರತಿ ಟ್ಯಾಂಕಿನ ಹಿಂದೆ ಇವೆಯಲ್ಲ. ಹಾಂ, ಅದೇ ಅಸಲು ಕಸುಬು. ಮರದ ಟ್ಯಾಂಕು ನಡೆಯದು, ನಡೆಯದ್ದಕ್ಕೆ ಜಾಡಿಲ್ಲ, ಜಾಡಿಲ್ಲದ ಟ್ಯಾಂಕು ಆಕಾಶದಿಂದ ಉದುರಿತೇ ಅಂತ ಮೇಲಿನವನು ಕೇಳುತ್ತಾನೆ, ಅದಕ್ಕೆ ಕುಂಟೆ, ಹೊಲದ ಕುಂಟೆಯಲ್ಲ, ಹಾಗೆ ಕರೆಯುತ್ತಿದ್ದೆವು ಅಷ್ಟೆ, ದಪ್ಪ ದಿಮ್ಮಿಗೆ ಅಡ್ಡಡ್ಡ ಪಟ್ಟಿ ಹೊಡೆದು ಹಗ್ಗ ಕಟ್ಟಿದ್ದು, ಇಬ್ಬರು ಪಕ್ಕಪಕ್ಕ ಒಂದೊಂದು ಎಳೆಯಬೇಕು, ಎರಡೂವರೆ ಗಜದ ಕೋಲೊಂದನ್ನು ನಡುವೆ ಹಿಡಿದಿರಬೇಕು, ಅಳತೆ ತಪ್ಪಬಾರದು, ಬಲಗಡೆಯ ಹಗ್ಗ ಇವನದು, ಎಡಗಡೆಯದು ಕೊಕ್ಕರೆಯದು. ಕೊಕ್ಕರೆ ಅಂದರೆ ಹೆಂಡತಿಗೆ ಈಗಲೂ ಸಿಟ್ಟು, ಅಥವಾ ಇತ್ತು, ಆ ಹೆಸರು ಈ ಮನೆಯಲ್ಲಿ ಕೇಳಿ ಯಾವ ಕಾಲವಾಯಿತು, ಅವಳ ಒಡಹುಟ್ಟಿದ ಅಣ್ಣ, ಉದ್ದ ಕಾಲು, ಮೊಣಕಾಲು ಬಗ್ಗಿಸದೆ ನಡೆಯುವವನು, ಬಾಯಿ ಮುಚ್ಚದವನು, ಲೇ ಬಡಗಿ, ಆ ನಳಿಗೆಯನ್ನ ಇಷ್ಟು ಮುದ್ದು ಮಾಡ್ತೀಯಲ್ಲ, ಅದಕ್ಕೇ ತಾಳಿ ಕಟ್ಟಿಬಿಡು, ನನ್ನ ತಂಗಿಗೆ ಬೇರೆ ಗಂಡು ನೋಡ್ತೀನಿ.

ಮತ್ತೆ ಇದೊಂದು ಗೀರು ಯಾಕೆ ಒಂಟಿ, ಅಂದಳು ಮೇಡಂ. ಎಲ್ಲಿ. ಇಲ್ಲಿ ನೋಡಿ, ಕೊನೇ ಟ್ಯಾಂಕಿನಿಂದ ರಸ್ತೆ ಕಡೆ ಹೋಗಿದೆಯಲ್ಲ. ಗಾಜು ಅತ್ತ ಜರುಗಿತು. ಒಂದೇ ಗೀರು, ಕೂದಲೆಳೆಯಷ್ಟು, ನೆಟ್ಟಗೆ, ಕಸುಬು ಬಲ್ಲವನು ಎಳೆದದ್ದು, ಅರ್ಧದಾರಿಯವರೆಗೆ ಹೋಗಿ ಒಂದು ಕರಿಚುಕ್ಕೆಯಲ್ಲಿ ನಿಂತಿದೆ, ಚುಕ್ಕೆಯ ಸುತ್ತ ಎಸಳು ಎಸಳಾಗಿ ಎರಚಿದ ಮರಳು, ಅದರಿಂದಾಚೆ ಏನೂ ಇಲ್ಲ. ತಾರೀಕು ಎಷ್ಟು ಮೇಡಂ. ಹದಿನೇಳು. ಹದಿನೇಳು ಅಂದರೆ ಅದೇ ಬೆಳಗು, ಹೊತ್ತು ಹುಟ್ಟೋದರೊಳಗೆ ಜಾಡು ರಸ್ತೆಗೆ ಸೇರಿರಬೇಕು ಅಂತ ಸಾಹೇಬ ಅಪ್ಪಣೆ ಮಾಡಿದ್ದ ಬೆಳಗು, ಬಾರೋ ಕುಂಟೆ ಹಿಡಿ ಅಂತ ಕೊಕ್ಕರೆ ಕರೆದ, ನಡಿ ಬಂದೆ, ಇನ್ನೊಂದು ಮೊಳೆ ಅಂದ ಇವನು, ಏಳನೆಯದರ ನಳಿಗೆಗೆ ಆನಿಕೆ ಕೊಡುತ್ತಿದ್ದ, ಕೊಟ್ಟ, ಸರಿಯಾಯಿತೇ ಅಂತ ಕೆಳಗೆ ಮಲಗಿ ನೋಡಿದ, ಗೋಣಿತಟ್ಟಿನ ಬೆಚ್ಚಗೆ, ಮೂರು ರಾತ್ರಿ ನಿದ್ದೆಗೆಟ್ಟ ಕಣ್ಣು, ಎಚ್ಚರವಾದಾಗ ಹಾಜರಿ ಸೀಟಿ ಊದುತ್ತಿದ್ದರು, ಎಂಟು ಗಂಟೆ, ಗಾಳಿ ಎದ್ದು ಮರಳೆಲ್ಲ ಹಾಸಿಗೆ ಕೊಡವಿದ ಹಾಗೆ ನುಣ್ಣಗಾಗಿತ್ತು, ಒಂದು ಜಾಡೂ ಉಳಿದಿರಲಿಲ್ಲ, ಕೊಕ್ಕರೆ ಇರಲಿಲ್ಲ. ಹವಾಲ್ದಾರ ಕೇಳಿದ, ಜೊತೆಗಿದ್ದವನು ನೀನಲ್ವೇನೋ. ಹೌದು ಸಾಬ್, ಜೊತೆಗೇ ಇದ್ದೆ, ಇಬ್ಬರೂ ಎಳೆದು ಮುಗಿಸಿದ್ವಿ, ಮುಖ ತೊಳ್ಕೊಂಡು ಬರ್ತೀನಿ ಅಂತ ಹೋದ. ಕೆಲಸದಲ್ಲಿ ನಿದ್ದೆ ಹೋದವನಿಗೆ ಏನು ಮಾಡುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು, ಅಷ್ಟೇ, ಬಾಯಿಗೆ ಬಂದದ್ದನ್ನು ಆಡಿದ, ನಾಳೆ ನಗುತ್ತ ಬಂದಾನು, ಬಂದಮೇಲೆ ಅವನ ಕಾಲು ಹಿಡಿದರಾಯಿತು ಅಂದುಕೊಂಡ, ಬರಲಿಲ್ಲ, ಮೂರನೆಯ ದಿನ ಪಟ್ಟಿಯಲ್ಲಿ ಬರೆದರು, ಕೆಲಸ ಮುಗಿಸಿ ಪರಾರಿ. ಆ ಎರಡು ಮಾತಿಗೆ ಸಾಕ್ಷಿ ಇವನ ಹೆಬ್ಬೆಟ್ಟು.

ಓಡಿಯೇ ಹೋದನೇನೋ ಅಂತ ಇವನೂ ನಂಬುವುದನ್ನು ಕಲಿತ, ಬಾಯಲ್ಲಿ ನಾಲ್ಕು ಸಲ ಆಡಿದ್ದು ಐದನೆಯ ಸಲಕ್ಕೆ ಕಂಡ ಹಾಗೇ ಆಗುತ್ತದೆ, ಆದರೆ ಓಡುವವನು ಕುಂಟೆ ಎಳೆದುಕೊಂಡು ಓಡುತ್ತಾನೆಯೇ, ಹಗ್ಗ ಬಿಸಾಕಿ ಓಡುತ್ತಾನೆ, ಇಲ್ಲಿ ಗೀರು ಚುಕ್ಕೆಯವರೆಗೂ ಇದೆ, ಚುಕ್ಕೆಯವರೆಗೂ ಹಗ್ಗ ಹೆಗಲ ಮೇಲಿತ್ತು, ಮೊದಲು ಎಡಗಡೆಯದನ್ನು ಎಳೆದುಬಿಡೋಣ, ತಿರುಗಿ ಬರುವಾಗ ಬಡಗಿಯ ಪಾಲೂ ನಾನೇ ಎಳೆದರಾಯಿತು ಅಂದುಕೊಂಡಿರಬೇಕು, ಬೈದುಕೊಂಡೇ, ಅವನೇ ಹಾಗೆ. ಆ ಕಡೆ ಹಳೇ ನೆಲಬಾಂಬುಗಳಿದ್ದವು, ಗುರುತಿಗೆ ಬಿಳಿಪಟ್ಟಿ ಕಟ್ಟಿತ್ತು, ಪಟ್ಟಿಯ ಮೇಲೆ ಕಣ್ಣಿಟ್ಟು ನಡೆಯುವುದು ಬಲಗಡೆಯವನ ಕೆಲಸ. ಸದ್ದು ಕೇಳಲಿಲ್ಲವೇ ಅಂದರೆ, ರಾತ್ರಿಯಿಂದಲೇ ಉತ್ತರದಲ್ಲಿ ತೋಪು ಗುಡುಗುತ್ತಿತ್ತು, ಸಂತೆಯಲ್ಲಿ ಸೀನಿದ್ದು ಯಾರಿಗೆ ಕೇಳೀತು. ಗುಂಡಿಯನ್ನೂ ಗಾಳಿ ಮುಚ್ಚಿರಬೇಕು, ಎಳೆದು ಮುಗಿಸಿದ್ವಿ ಅಂದಮೇಲೆ ಆ ಕಡೆ ಹುಡುಕುವವರು ಯಾರು. ಮೇಲಿನವನು ನೋಡಿದ್ದಾನೆ, ಎಲ್ಲ ನೋಡಿದ್ದಾನೆ, ಶತ್ರು, ಹೊಟ್ಟೆಪಾಡಿಗೆ ಒಂದು ಗುಂಡಿ ಒತ್ತಿದ್ದಾನೆ, ಇಷ್ಟು ವರ್ಷ ಕೊಕ್ಕರೆಯ ಪರವಾಗಿ ಇದ್ದ ಒಬ್ಬನೇ ಸಾಕ್ಷಿ ಅವನು.

ಏನು ತಾತ, ಗೊತ್ತಾಯ್ತಾ ಅದು ಏನು ಅಂತ. ಮರಳಿನ ಗೆರೆ ಇರಬಹುದು ಅಂದುಬಿಡು, ಗಾಳಿ ಕೊರೆದದ್ದು ಅಂದುಬಿಡು, ಬರೆದುಕೊಂಡು ಹೋಗುತ್ತಾಳೆ, ಅಚ್ಚಾಗುತ್ತದೆ, ಮುಗಿಯುತ್ತದೆ. ಅತ್ತೆ ಹೋದಳು, ಸಾಯುವವರೆಗೂ ಮಗನ ಹೆಸರೆತ್ತಲಿಲ್ಲ, ಅವನ ಅಂಗಿಯನ್ನು ಮಡಿಸಿದ ಹಾಗೇ ಪೆಟ್ಟಿಗೆಯ ತಳದಲ್ಲಿಟ್ಟಿದ್ದಳು, ಓಡಿಹೋದವನ ತಂಗಿಯಂತೆ ಅಂತ ನಲ್ಲಿಯ ಹತ್ತಿರ ಯಾರೋ ಆಡಿದ್ದಕ್ಕೆ ಇವಳು ಬಿಂದಿಗೆ ಅಲ್ಲೇ ಬಿಟ್ಟು ಬಂದಿದ್ದಳು, ಮತ್ತೆ ಆ ನಲ್ಲಿಗೆ ಹೋಗಲಿಲ್ಲ, ಎರಡು ಬೀದಿ ದಾಟಿ ತಂದಳು ಹನ್ನೊಂದು ವರ್ಷ. ಗಂಡನನ್ನು ಕೇಳಿದ್ದು ಒಂದೇ ಸಲ, ಮದುವೆಯಾದ ಹೊಸತು, ಹೋಗುವಾಗ ತಿರುಗಿ ನೋಡಿದನಾ ಅಂತ. ನೋಡಿದ, ಅಂದಿದ್ದ ಇವನು. ಹಾಗಂದರೆ ಅವಳಿಗೆ ಸಮಾಧಾನವಾದೀತು ಅಂದುಕೊಂಡಿದ್ದ. ಅವಳು ಅವತ್ತಿನಿಂದ ಅಣ್ಣನ ಮಾತೆತ್ತಿಲ್ಲ, ತಿರುಗಿ ನೋಡಿಯೂ ಹೋದನಲ್ಲ ಅಂತ, ಅಯ್ಯೋ, ಇವತ್ತು ಹೊಳೆಯುತ್ತಿದೆ, ಇವತ್ತು.

ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು, ನಗು ನಿಂತುಹೋಯ್ತಲ್ಲ, ಏನು ನೋಡ್ತಾ ಇದೀರಿ ನನಗೂ ತೋರಿಸಿ, ಮೇಡಂ ಎದ್ದು ಕುರ್ಚಿ ಬಿಟ್ಟಳು, ಕೂತ್ಕೊಳ್ಳಿ ಅಜ್ಜಿ, ತಾತನ ಕಂಪನಿ ಇದು, ಇಬ್ಬಿಬ್ಬರು ಪಕ್ಕಪಕ್ಕ ಎಳೆದ ಗೆರೆಗಳಂತೆ ಇವು. ಗೊತ್ತು, ಅಂದಳು ಅವಳು, ಒಂದು ಇವರದು, ಒಂದು ನಮ್ಮಣ್ಣನದು. ನಮ್ಮಣ್ಣನದು. ಎಷ್ಟು ಸಲೀಸಾಗಿ ಅಂದಳು, ನಿನ್ನೆಯೂ ಅಂದವಳ ಹಾಗೆ. ಗಾಜು ಇಸಿದುಕೊಂಡಳು, ಇವನ ಕೈಯಿಂದಲೇ, ಒಂದೊಂದು ಜೋಡಿಯ ಮೇಲೂ ನಿಧಾನ ಹೋದಳು, ಅಕ್ಕಿ ಆರಿಸುವ ಕಣ್ಣು, ಕಲ್ಲು ಸಿಗದೆ ಏಳದ ಕಣ್ಣು, ಅಂಚಿಗೆ ಬಂತು ಗಾಜು, ಕೊನೆಯ ಟ್ಯಾಂಕು ದಾಟಿತು, ನಿಂತಿತು. ಇದೇನ್ರೀ, ಇಲ್ಲಿ ಒಂದೇ ಇದೆ, ಇನ್ನೊಂದೆಲ್ಲಿ. ಗಾಳಿ ಅನ್ನು, ಮರಳು ಅನ್ನು, ನಾಲಿಗೆಗೆ ಎರಡೂ ಸಿದ್ಧವಿವೆ, ನಲವತ್ತೆಂಟು ವರ್ಷದ ರೂಢಿ — ಇನ್ನೊಂದು ನಂದು ಕಣೇ, ಅಂದ, ನಾನು ಎಳೀಲಿಲ್ಲ, ಮಲಗಿಬಿಟ್ಟಿದ್ದೆ. ಅವನು ಎಲ್ಲಿಗೂ ಓಡಿಹೋಗಲಿಲ್ಲ. ಅಲ್ಲೇ ಇದಾನೆ, ಆ ಗೀರಿನ ತುದಿಯಲ್ಲಿ. ಹೇಳಿದ್ದು ತನ್ನದೇ ದನಿಯೇ ಅಂತ ಕೇಳಿಸಿಕೊಂಡ, ಮೇಡಂನ ಪೆನ್ನು ಓಡುತ್ತಿಲ್ಲ, ಹೆಂಡತಿ ತಲೆಯೆತ್ತಲಿಲ್ಲ, ಗಾಜು ಅಲುಗುತ್ತಿಲ್ಲ, ಅವಳ ಬೆರಳು ಗೀರಿನ ಮೇಲಿಲ್ಲ, ಪಕ್ಕದಲ್ಲಿದೆ, ಎರಡೂವರೆ ಗಜದಾಚೆ ಅವನ ಕುಂಟೆ ಹಾಯಬೇಕಿದ್ದ ಜಾಗದಲ್ಲಿ, ಅಲ್ಲಿ ಬರೀ ಮರಳು, ಒಂದು ಗೀರು, ಪಕ್ಕದಲ್ಲಿ ನುಣ್ಣನೆಯ ಮರಳು, ಒಂದೇ ಗೀರು, ಪಕ್ಕದಲ್ಲಿ ಯಾರೂ ತುಳಿಯದ ಮರಳು —