ವಾರದ ರೊಟ್ಟಿ

ಭಾನುವಾರ ಬೆಳಿಗ್ಗೆ ವಿಜಯಪುರದ ಜಲನಗರದ ಆ ಓಣಿಯಲ್ಲಿ ಎಲ್ಲರ ಮನೆಯ ಕಿಟಕಿ ತೆರೆದರೆ, ರಾಮಲಿಂಗ ಮಾಸ್ತರನ ಅಡುಗೆಮನೆಯ ಕಿಟಕಿ ಮುಚ್ಚುತ್ತಿತ್ತು. ಬಾಗಿಲಿಗೆ ಚಿಲಕ, ಪಡಸಾಲೆಯಲ್ಲಿ ಟಿವಿ ಜೋರು, ಹಲಗೆಯ ಕೆಳಗೆ ಮಡಿಸಿದ ಗೋಣಿತಟ್ಟು. ಇಷ್ಟೆಲ್ಲ ಬಂದೋಬಸ್ತು ಯಾಕೆಂದರೆ ಒಳಗೆ ಆತ ರೊಟ್ಟಿ ಬಡಿಯುತ್ತಿದ್ದ. ಈ ಸೀಮೆಯಲ್ಲಿ ಹುಟ್ಟಿದವರು ರೊಟ್ಟಿ ಬಡಿಯುವ ಸಪ್ಪಳವನ್ನು ನಿದ್ದೆಗಣ್ಣಿನಲ್ಲೂ ಗುರುತಿಸುತ್ತಾರೆ. ಹೆಂಡತಿ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿರುವಾಗ ಕೆಳಗಿನಿಂದ ತಪತಪ ಎಂದು ಕೇಳಿಸಿದರೆ, ಬಡಿಯುತ್ತಿರುವವರು ಯಾರೆಂದು ಓಣಿಗೆ ಬಿಡಿಸಿ ಹೇಳಬೇಕೇ?

ಹೊರಗೆ ಅವನ ಗತ್ತು ಏನು ಕಡಿಮೆಯದೇ? ತಿಕೋಟಾದ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ಸೀಟಿ ಊದಿದನೆಂದರೆ ಮೈದಾನದ ಹುಡುಗರಿರಲಿ, ರಸ್ತೆಯಲ್ಲಿ ಹೋಗುವ ಸೈಕಲ್ಲಿನವರೂ ಒಮ್ಮೆ ಬ್ರೇಕ್ ಹಿಡಿಯುತ್ತಿದ್ದರು. ಅಂಥವನ ಮೊಣಕೈವರೆಗೆ ಜೋಳದ ಹಿಟ್ಟು ಹತ್ತಿದ್ದನ್ನು ಯಾರಾದರೂ ಕಂಡರೆ ಮೀಸೆಯ ಗತಿಯೇನು ಎಂಬುದೇ ಅವನ ಚಿಂತೆ.

ಇದೆಲ್ಲ ಶುರುವಾದದ್ದು ಅವನ ಸಕ್ಕರೆ ಏರಿದ ಮೇಲೆ. ಹೆಂಡತಿ ಲಲಿತಾ ಬಬಲೇಶ್ವರದ ಆಸ್ಪತ್ರೆಯಲ್ಲಿ ನರ್ಸು. ಬೆಳಗಾದರೆ ಅವಳು ಒಂದು ಬಸ್ಸಿಗೆ, ಇವನು ಇನ್ನೊಂದು ಬಸ್ಸಿಗೆ. ಮನೆಯ ಒಲೆ ತಣ್ಣಗಿರುತ್ತಿತ್ತು. ಬಸ್‌ಸ್ಟ್ಯಾಂಡಿನ ಪೂರಿ, ಮಧ್ಯಾಹ್ನ ಮಿರ್ಚಿ ಭಜಿ, ಸಂಜೆ ಚುರುಮುರಿ. ಹೊಟ್ಟೆ ತುಂಬಲು ಇಷ್ಟು ಸಾಕಾಗಿತ್ತು. ರಕ್ತ ಪರೀಕ್ಷೆಯ ಕಾಗದ ನೋಡಿ ಡಾಕ್ಟರು ಬಾಯಿ ತೆರೆಯುವ ಮೊದಲೇ ಲಲಿತಾ ಶುರುಮಾಡಿದ್ದಳು.

"ಊರ ಮಂದಿಗೆ ಪಥ್ಯ ಹೇಳಿ ಹೇಳಿ ನನ್ನ ಗಂಟಲ ಹರದೈತಿ. ನಮ್ಮ ಮನಿ ಪೇಶಂಟ ನೋಡಿದರ ಭಜಿ ಅಂಗಡಿ ಮುಂದ ನಿಂತಿರತಾರ."

ಬೈದು ಸುಮ್ಮನಾಗುವವಳಲ್ಲ ಅವಳು. ಅಂದಿನಿಂದ ಶನಿವಾರ ಸಂಜೆ ಗಾಂಧಿ ಚೌಕದಿಂದ ಮೆಂತ್ಯ, ರಾಜಗಿರಿ, ಸವತೆ, ಗಜ್ಜರಿ ಚೀಲದ ತುಂಬ ಬರತೊಡಗಿದವು. ಹೆಸರುಕಾಳು, ಮಡಕೆಕಾಳು ನೆನೆದು ಅರಿವೆಯ ಗಂಟಿನಲ್ಲಿ ಮೊಳಕೆಯೊಡೆಯುತ್ತಿದ್ದವು. ಭಾನುವಾರ ಸೊಪ್ಪು ಸೋಸಿ ಒಂದು ಡಬ್ಬಿಗೆ, ಮೊಳಕೆ ಒಂದಕ್ಕೆ, ಅಗಸೆ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು ಭರಣಿಗೆ. ಬೇಯಿಸಿದ ಬೇಳೆ ಮಾತ್ರ ಅರ್ಧ ವಾರಕ್ಕೆ ಸಾಕು, ಹೆಚ್ಚಿಗೆ ಇಟ್ಟರೆ ಕೆಡುತ್ತದೆಂದು ಬುಧವಾರ ಮತ್ತೊಮ್ಮೆ ಕುಕ್ಕರ್ ಇಡುವಳು. ಬೆಳಿಗ್ಗೆ ಎದ್ದು ಒಗ್ಗರಣೆ ಕೊಟ್ಟರೆ ಆಯಿತು, ಎರಡು ಊಟದ ಡಬ್ಬಿ ತಯಾರು. ಅವಳ ಈ ವ್ಯವಸ್ಥೆ ಕಂಡು ಡ್ರಿಲ್ ಮಾಸ್ತರನೇ ಬೆರಗಾಗಿದ್ದ.

ತೊಡಕಾದದ್ದು ರೊಟ್ಟಿಯಲ್ಲಿ. ಖಡಕ್ ರೊಟ್ಟಿ ಒಮ್ಮೆ ಮಾಡಿ ಒಣಗಿಸಿ ಅರಿವೆಯಲ್ಲಿ ಸುತ್ತಿಟ್ಟರೆ ವಾರವೇನು, ತಿಂಗಳಾದರೂ ಕೆಡುವುದಿಲ್ಲ. ಆದರೆ ಲಲಿತಾ ವಿಜಯಪುರದ ಪೇಟೆಯೊಳಗೆ ಚಪಾತಿ ತಿಂದು ಬೆಳೆದವಳು. ಅವಳು ಬಡಿದ ರೊಟ್ಟಿ ಹಂಚು ಮುಟ್ಟುವ ಮೊದಲೇ ಹರಿದು ಚೂರಾಗುತ್ತಿತ್ತು. ಅಂಗಡಿಯ ಯಂತ್ರದ ರೊಟ್ಟಿ ತಂದರೆ ರಟ್ಟು ಜಗಿದ ಹಾಗೆ. ಒಂದು ಭಾನುವಾರ ರಾಮಲಿಂಗನಿಗೆ ನೋಡಿ ನೋಡಿ ತಾಳಲಾಗಲಿಲ್ಲ. "ಅತ್ತಾಗ ಸರಿ" ಎಂದು ಅವಳನ್ನು ಸರಿಸಿ ತಾನೇ ಕೂತ. ಕುದಿವ ಎಸರು ಹಿಟ್ಟಿಗೆ ಸುರಿದ, ಅಂಗೈಯಿಂದ ತಿಕ್ಕಿ ತಿಕ್ಕಿ ನಾದಿದ, ಬಡಿದ. ಮೊದಲೆರಡು ಹಾಳಾದವು. ಮೂರನೆಯದು ಹಂಚಿನ ಮೇಲೆ ಗುಂಡಗೆ ಉಬ್ಬಿ ನಿಂತಿತು. ಲಲಿತಾ ಕೈಯಲ್ಲಿದ್ದ ಮೆಂತ್ಯದ ಕಟ್ಟು ಹಾಗೇ ಹಿಡಿದು ಗಂಡನನ್ನು ನೋಡಿದಳು. ಶಾಲೆಯ ಹುಡುಗರು ಪಂದ್ಯದ ಕಪ್ಪು ಗೆದ್ದು ತಂದಾಗಲೂ ಅವನಿಗೆ ಅಷ್ಟು ಖುಷಿಯಾಗಿರಲಿಲ್ಲ.

ಅಲ್ಲಿಂದ ರೊಟ್ಟಿ ಅವನ ಪಾಲಿಗೆ ಬಂತು. ಹೆಮ್ಮೆಯೂ ಬಂತು. ಆದರೆ ಯಾರಿಗೂ ಹೇಳಿಕೊಳ್ಳಲಾಗದ ಹೆಮ್ಮೆ ಹೊಟ್ಟೆಯುಬ್ಬರಕ್ಕಿಂತ ಕಷ್ಟ. ತಡೆಯಲಾರದೆ ಒಂದು ದಿನ ಒಂದಿಷ್ಟು ರೊಟ್ಟಿ ಕಟ್ಟಿಕೊಂಡು ಹೊನವಾಡಕ್ಕೆ ಹೋದ. ಅಲ್ಲಿ ಅವನ ತಾಯಿ ತಾಯವ್ವ ಹಿರಿಯ ಮಗನ ಜೊತೆ ದ್ರಾಕ್ಷಿ ತೋಟ ನೋಡಿಕೊಂಡಿದ್ದಾಳೆ. ಕಟ್ಟೆಯ ಮೇಲೆ ನಾಲ್ಕು ಹೆಂಗಸರು ಕೂತಿದ್ದರು. ತಾಯವ್ವ ಒಂದು ತುಂಡು ಮುರಿದು ಬಾಯಿಗಿಟ್ಟಳು.

"ಯಾರ ಬಡದಾರೋ ಇದನ್ನ?"

ಆಗಲೇ ಹೇಳಿಬಿಡಬಹುದಿತ್ತು. ಕಟ್ಟೆಯ ಮೇಲಿನ ಅಷ್ಟೂ ಕಣ್ಣು ಅವನ ಮೀಸೆಯ ಮೇಲಿದ್ದವು. "ನಿನ್ನ ಸೊಸಿ ಬೇ, ಮತ್ಯಾರ" ಎಂದುಬಿಟ್ಟ.

ತಾಯವ್ವನಿಗೆ ಅಷ್ಟೇ ಬೇಕಾಗಿತ್ತು. ಪೇಟೆಯ ಹುಡುಗಿ ತಂದಳು ಎಂದು ಬೀಗರೆಲ್ಲ ಆಡಿಕೊಂಡಿದ್ದನ್ನು ಅವಳು ಮರೆತಿರಲಿಲ್ಲ. ನೌಕರಿ ಮಾಡಿ, ಮನೆ ನೋಡಿ, ವಾರದ ರೊಟ್ಟಿಯನ್ನೂ ಬಡಿಯುವ ಸೊಸೆ ತನಗೊಬ್ಬಳಿಗೇ ಇರುವುದೆಂದು ಹೊನವಾಡದ ಮನೆಮನೆಗೂ ಸಾರಿ ಬಂದಳು. ಸುದ್ದಿ ಲಲಿತಾಳ ಕಿವಿಗೂ ಬಿತ್ತು.

"ನೀವು ಹೇಳಿದ ಸುಳ್ಳು ನನ್ನ ತಲಿ ಮ್ಯಾಲ ಕುಂತೈತಿ ನೋಡ್ರಿ," ಎಂದಳು. "ನಾಳೆ ಯಾರರ ಬಡದ ತೋರಸು ಅಂದ್ರ ಏನ ಮಾಡ್ಲಿ?"

"ಯಾರ ಕೇಳ್ತಾರ ಬಿಡು," ಎಂದ ಮಾಸ್ತರ.

ಕೇಳಿದರು. ಆಸ್ಪತ್ರೆಯವರು ಹೊನವಾಡದಲ್ಲಿ ಸಕ್ಕರೆ ಕಾಯಿಲೆಯ ಶಿಬಿರ ಇಟ್ಟರು. ಹೊಲಕ್ಕೆ ಹೋಗುವವರು, ಬಸ್ಸಿಗೆ ಓಡುವವರು ವಾರದ ಊಟವನ್ನು ಮೊದಲೇ ಹೇಗೆ ಸಿದ್ಧ ಮಾಡಿಕೊಳ್ಳಬಹುದೆಂದು ಲಲಿತಾ ಹೇಳಿಕೊಡಬೇಕೆಂದು ಡಾಕ್ಟರು ಒಪ್ಪಿಸಿದ್ದರು. ಅವಳಿಗೆ ಇದು ಬರೀ ಡ್ಯೂಟಿಯಾಗಿರಲಿಲ್ಲ. ಅದೇ ಊರಿನಲ್ಲಿ ಸಕ್ಕರೆಯಿಂದ ಕಾಲಿನ ಬೆರಳು ಕಳೆದುಕೊಂಡವರಿಗೆ ತಾನೇ ಪಟ್ಟಿ ಕಟ್ಟಿದ್ದಳು. ತನ್ನ ಮಾತು ಇವರ ಮನಸ್ಸಿಗೆ ಹತ್ತಬೇಕು ಎಂಬುದೇ ಅವಳ ಹಟ. ರಾಮಲಿಂಗ ಅವಳನ್ನು ಬೈಕಿನಲ್ಲಿ ಕರೆತಂದು ಸಮುದಾಯ ಭವನದ ಬಾಗಿಲಲ್ಲಿ ನಿಂತ.

ಲಲಿತಾ ಡಬ್ಬಿಗಳನ್ನು ಸಾಲಾಗಿಟ್ಟು ಚೆಂದವಾಗಿ ಹೇಳಿದಳು. ಹೆಂಗಸರು ಮೊಳಕೆ ಮುಟ್ಟಿ ನೋಡಿದರು, ಹಿಂಡಿ ನೆಕ್ಕಿ ನೋಡಿದರು. ಮುಂದಿನ ಸಾಲಿನಲ್ಲಿ ತಾಯವ್ವ ಇಳಕಲ್ ಸೀರೆಯುಟ್ಟು ಎದೆಯುಬ್ಬಿಸಿ ಕೂತಿದ್ದಳು. ಪಕ್ಕದ ಸಾವಂತ್ರವ್ವನಿಗೆ ಮಾತ್ರ ಯಾವುದನ್ನೂ ಸುಮ್ಮನೆ ನಂಬಿ ಗೊತ್ತಿಲ್ಲ.

"ನರ್ಸ್ ಬಾಯಾರ, ಡಬ್ಬಿ ತುಂಬೂದು ದೊಡ್ಡ ಮಾತಲ್ಲರಿ. ದಿನಾ ಡ್ಯೂಟಿ ಮಾಡಾಕಿ ವಾರದ ರೊಟ್ಟಿ ಯಾವಾಗ ಬಡೀತೀರಿ?"

ಲಲಿತಾ ಬಾಯಿ ತೆರೆಯುವಷ್ಟರಲ್ಲಿ ತಾಯವ್ವನೇ ಎದ್ದಳು. "ಯಾವಾಗ ಅಂತ ಯಾಕ ಕೇಳ್ತಿ? ಇಲ್ಲೇ ಬಡದ ತೋರಸ್ತಾಳ. ಎದುರ ಮನ್ಯಾಗಿಂದ ಹಿಟ್ಟು, ಹಲಗಿ ತರ್ರಿ."

ಚಹಾ ಕಾಯಿಸಲು ಒಲೆ ಅಲ್ಲೇ ಇತ್ತು. ಹಿಟ್ಟು ಬಂತು, ಹಲಗೆ ಬಂತು, ಹಂಚೂ ಬಂತು. ಲಲಿತಾ ಕೂತಳು. ಮೊದಲ ರೊಟ್ಟಿ ಹಲಗೆಯ ಮೇಲೆಯೇ ಬಿರಿಯಿತು. ಎರಡನೆಯದು ಎತ್ತುವಾಗ ಹರಿದು ನೆಲಕ್ಕೆ ಬಿತ್ತು. ಯಾರೋ ಕಿಸಕ್ಕನೆ ನಕ್ಕರು.

"ಇದು ಸೂಜಿ ಚುಚ್ಚಿದಂಗ ಅಲ್ಲರಿ, ಬಾಯಾರ," ಎಂದಳು ಸಾವಂತ್ರವ್ವ. ಹಿಂದಿನ ಸಾಲಿನಲ್ಲಿ ಒಬ್ಬಳು ಚೀಲ ಎತ್ತಿಕೊಂಡಳು. "ನಡೀರಿ, ಆಕೀಗೇ ಬರಂಗಿಲ್ಲ, ನಮಗ ಹೇಳಾಕ ಬಂದಾಳ." ಇನ್ನಿಬ್ಬರು ಎದ್ದರು. ತಾಯವ್ವ ಸೆರಗು ಎಳೆದುಕೊಂಡು ನೆಲ ನೋಡುತ್ತಿದ್ದಳು.

ರಾಮಲಿಂಗ ಬೈಕಿನ ಕೀಲಿ ಹಿಡಿದು ನಿಂತೇ ಇದ್ದ. ಬಡಿಯುವವರು ಅಲ್ಲಿ ನಿಂತಿದ್ದಾರೆ ಎಂದು ಲಲಿತಾ ಬೆರಳು ತೋರಿಸಿದ್ದರೆ ಅವಳು ಪಾರಾಗುತ್ತಿದ್ದಳು. ಅವಳು ಬಾಗಿಲ ಕಡೆ ತಿರುಗಲೂ ಇಲ್ಲ. ಅವನ ಮೀಸೆಯನ್ನು ಕಾಯುತ್ತ, ತಾನು ನಗೆಗೀಡಾಗುತ್ತ, ಮೂರನೆಯ ಉಂಡೆಗೆ ಕೈ ಹಾಕಿದಳು. ಅದನ್ನು ಕಂಡ ಮಾಸ್ತರನಿಗೆ ತನ್ನ ಮೇಲೆಯೇ ಸಿಟ್ಟು ನೆತ್ತಿಗೇರಿತು. ಬೂಟು ಕಳಚಿದ, ತೋಳು ಮಡಿಸಿದ, ಕೈ ತೊಳೆದುಕೊಂಡು ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಂದು ಒಲೆಯ ಮುಂದೆ ಕೂತ.

"ಅತ್ತಾಗ ಸರಿ, ಲಲಿತಾ. ನಾ ಬಡೀತೀನಿ."

ಭವನ ತುಂಬ ತಪತಪ ಸಪ್ಪಳ ಎದ್ದಿತು. ಉಂಡೆ ಅವನ ಅಂಗೈ ಕೆಳಗೆ ತಿರುಗುತ್ತ ತಿರುಗುತ್ತ ಅಗಲವಾಯಿತು. ಎರಡೂ ಕೈಯಿಂದ ಎತ್ತಿ ಹಂಚಿಗೆ ಹಾಕಿದ, ಒದ್ದೆ ಅರಿವೆಯಿಂದ ನೀರು ಸವರಿದ, ತಿರುವಿ ಹಾಕಿ ಅಂಚು ಒತ್ತಿದ. ರೊಟ್ಟಿ ಪುಸ್ಸೆಂದು ಉಬ್ಬಿತು. ಎದ್ದು ಹೊರಟವರು ನಿಂತಲ್ಲೇ ನಿಂತರು.

"ಗಂಡಸ ಬಡದರೂ ಉಬ್ಬತೈತೇನರಿ ಇದು?" ಸಾವಂತ್ರವ್ವ ಕಣ್ಣರಳಿಸಿ ಕೇಳಿದಳು.

"ಹಿಟ್ಟಿಗೇನ ಗೊತ್ತರಿ, ಬಡದಾವ ಯಾರ ಅಂತ," ಎಂದ ರಾಮಲಿಂಗ. ಆಮೇಲೆ ತಲೆಯೆತ್ತಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಅವ್ವಗ ನಾ ಸುಳ್ಳು ಹೇಳಿದ್ದೆ. ನಮ್ಮ ಮನ್ಯಾಗ ರೊಟ್ಟಿ ನಾನ ಬಡೀತೀನಿ. ಉಳಿದದ್ದೆಲ್ಲಾ ಈಕಿ ಮಾಡ್ಯಾಳ. ನನ್ನ ಸಕ್ಕರಿ ಇಳಿಸಿದಾಕಿ ಈಕಿ. ಈಕಿ ಮಾತು ಕೇಳ್ರಿ."

ಲಲಿತಾ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಳು. ಚೀಲ ಎತ್ತಿಕೊಂಡಿದ್ದವಳು ಮೆಲ್ಲಗೆ ಮತ್ತೆ ಕೂತಳು.

ಆಗ ತಾಯವ್ವ ಒಲೆಯ ಕಡೆ ನಡೆದು ಬಂದಳು. ಅವಳು ಹತ್ತಿರವಾದಂತೆ ರಾಮಲಿಂಗ ತನಗೇ ತಿಳಿಯದೆ ಮೊಣಕಾಲೂರಿ ಏಳಲು ಹೋದ. ಚಿಕ್ಕಂದಿನಲ್ಲಿ ಅವಳ ಪಕ್ಕ ಕೂತು ಅಂಗೈಯಗಲದ ರೊಟ್ಟಿ ಬಡಿಯುತ್ತಿರುವಾಗ ಅಂಗಳದಲ್ಲಿ ಯಾರದಾದರೂ ಹೆಜ್ಜೆ ಕೇಳಿದರೆ ಸಾಕು, "ಏಳೋ, ಮಂದಿ ಬಂದರು" ಎಂದು ಅವನ ಕೈಯ ಹಿಟ್ಟನ್ನು ಸೆರಗಿನಿಂದ ಒರೆಸಿ ಅವಳೇ ಹೊರಗೆ ಅಟ್ಟುತ್ತಿದ್ದಳು. ಈಗ ಅವಳ ಅದೇ ಕೈ ಅವನ ಹೆಗಲ ಮೇಲೆ ಬಿತ್ತು, ಒತ್ತಿ ಕೂರಿಸಿತು.

"ಏಳಬ್ಯಾಡ, ನನ್ನಪ್ಪಾ," ಎಂದಳು ತಾಯವ್ವ. "ಮಂದಿ ಬಂದಾರ. ನೋಡಲಿ. ಬಡಿ."

ಅವಳು ಅವನ ಪಕ್ಕದಲ್ಲೇ ಕೂತು ಹಂಚಿನ ಮೇಲಿನ ರೊಟ್ಟಿ ತೆಗೆದಳು.